ಶೋನಲ್ಲಿ ಸೋತ ಮೊಲ ಮನೆಗೆ ಆಗತ್ತಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಮೊಲ ಸಾಕೋದ್ರ ಬಗ್ಗೆ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಶೋಗೆ, ಅಂದ್ರೆ ಮೊಲಗಳ ಸ್ಪರ್ಧೆಗೆ ಅಂತ ಮೊಲ ಬೆಳೆಸೋ ಬ್ರೀಡರ್ ಹತ್ರ, ಮನೇಲಿ ಸುಮ್ನೆ ಪ್ರೀತಿಯಿಂದ ಸಾಕೋಕೆ ಒಂದು ಮರಿ ತಗೊಳ್ಳೋದಾದ್ರೆ ಏನು ನೋಡ್ಬೇಕು, ಏನು ಕೇಳ್ಬೇಕು ಅಂತ. ಹಾಗಾಗಿ ಈ ಸಲದ ಕಾಲಂ ಪೂರ್ತಿ ಅದಕ್ಕೇ ಇಟ್ಟಿದೀನಿ.

ಪ್ರಶ್ನೆ: ಅಕ್ಕಾ ನಮಸ್ತೆ. ಮನೇಲಿ ನಾವಿಬ್ರು, ಹತ್ತು ವರ್ಷದ ಮಗಳು. ಒಂದು ಮೊಲ ಸಾಕ್ಬೇಕು ಅಂತ ತುಂಬಾ ದಿನದ ಆಸೆ. ಶೋಗಳಲ್ಲಿ ಬಹುಮಾನ ತಗೊಂಡಿರೋ ಒಬ್ರು ಬ್ರೀಡರ್ ಹತ್ರ ಹಾಲೆಂಡ್ ಲಾಪ್ ಅನ್ನೋ ಜೋತುಕಿವಿ ತಳಿಯ ಮರಿಗಳು ಎರಡಿವೆ, ಒಂದೇ ತಾಯಿಯವು. ಒಂದಕ್ಕೆ ಪೆಡಿಗ್ರಿ ಪೇಪರ್, ಅಂದ್ರೆ ವಂಶದ ದಾಖಲೆ ಇದೆ, ರೇಟು ಜಾಸ್ತಿ. ಇನ್ನೊಂದು ಪೆಟ್ ಕ್ವಾಲಿಟಿ ಅಂತೆ, ಶೋಗೆ ಆಗಲ್ಲ, ಮನೇಲಿ ಸಾಕೋಕೆ ಮಾತ್ರ, ಅರ್ಧ ಬೆಲೆಗೆ ಕೊಡ್ತೀನಿ ಅಂತಿದಾರೆ. ಅಷ್ಟು ಕಡಿಮೆಗೆ ಕೊಡ್ತಾರೆ ಅಂದ್ರೆ ಒಳಗೆ ಏನೋ ಕಾಯಿಲೆ ಇರ್ಬೇಕು ಅಂತ ನಮ್ಮೆಜಮಾನ್ರ ಅನುಮಾನ. ಯಾವುದನ್ನ ತಗೊಳ್ಳಿ?

ಉತ್ತರ: ಅನುಮಾನ ಬಂದಿದ್ದು ಒಳ್ಳೇದೇ, ಆದ್ರೆ ಅದಕ್ಕೆ ಉತ್ತರ ಬೆಲೇಲಿ ಸಿಗಲ್ಲ. ಬ್ರೀಡರ್ ಹತ್ರ ನೇರವಾಗಿ ಕೇಳಿ, ಈ ಮರೀನ ನೀವ್ಯಾಕೆ ಶೋಗೆ ಇಟ್ಕೊಂಡಿಲ್ಲ ಅಂತ. ಒಳ್ಳೆ ಬ್ರೀಡರ್ ಆದ್ರೆ ಬೇಜಾರು ಮಾಡ್ಕೊಳ್ಳಲ್ಲ, ಮರೀನ ಎತ್ಕೊಂಡು ಬಂದು ಮೇಜಿನ ಮೇಲಿಟ್ಟು ಇಲ್ಲಿ ನೋಡಿ ಅಂತ ತೋರಿಸ್ತಾರೆ, ಕಿವಿ ಉದ್ದ ಆಯ್ತು, ತಲೆ ದುಂಡಗಿಲ್ಲ, ಹೆಗಲ ಹತ್ರ ಅಗಲ ಸಾಲ್ದು, ಒಂದು ಉಗುರು ಬೆಳ್ಳಗಿದೆ, ಹೀಗೆ. ಅವರು ಹೇಳೋ ಆ ಕಾರಣದ ಮೇಲೇ ನಿಮ್ಮ ತೀರ್ಮಾನ ನಿಂತಿರೋದು.

ಯಾಕಂದ್ರೆ ಶೋನಲ್ಲಿ ಜಡ್ಜ್ ನೋಡೋದು ಆ ತಳಿಗೆ ಬರೆದಿಟ್ಟಿರೋ ಸ್ಟ್ಯಾಂಡರ್ಡ್‌ಗೆ ಮೊಲ ಎಷ್ಟು ಹತ್ರ ಇದೆ ಅನ್ನೋದನ್ನ. ಅಮೆರಿಕನ್ ರ್‍ಯಾಬಿಟ್ ಬ್ರೀಡರ್ಸ್ ಅಸೋಸಿಯೇಷನ್ ನಿಯಮದಲ್ಲಿ ದೊಡ್ಡದಾದ ಹಾಲೆಂಡ್ ಲಾಪ್ 4 ಪೌಂಡ್, ಅಂದ್ರೆ ಸುಮಾರು 1.8 ಕೆಜಿ ದಾಟೋ ಹಾಗಿಲ್ಲ. ನೆದರ್ಲೆಂಡ್ ಡ್ವಾರ್ಫ್ ಅಂತೂ ಎರಡೂವರೆ ಪೌಂಡ್, ಸುಮಾರು 1.1 ಕೆಜಿಗೇ ನಿಲ್ಬೇಕು. ಅದಕ್ಕಿಂತ ಒಂಚೂರು ಜಾಸ್ತಿ ತೂಗಿದ್ರೂ ಮೊಲ ಸ್ಪರ್ಧೆಯಿಂದ ಔಟ್. ಮೈಯೆಲ್ಲಾ ಬಣ್ಣ ಇರೋ ಮೊಲಕ್ಕೆ ಒಂದೇ ಒಂದು ಬಿಳಿ ಉಗುರು ಬಂದ್ರೂ ಔಟ್. ಇದ್ಯಾವುದೂ ಮೊಲಕ್ಕೆ ನೋವಲ್ಲ. ನಮ್ಮನೇಲಿ ಒಂಬತ್ತು ವರ್ಷ ಬದುಕಿದ ಕಂದು ಬಣ್ಣದ ಹೆಣ್ಣು ಮೊಲಕ್ಕೆ ಬಲಗಡೆ ಮುಂಗಾಲಲ್ಲಿ ಒಂದು ಉಗುರು ಬೆಳ್ಳಗಿತ್ತು, ಉಳಿದವೆಲ್ಲಾ ಕಪ್ಪು. ಆ ಒಂದು ಉಗುರಿಂದಾನೇ ಅದು ನಮಗೆ ಸಿಕ್ಕಿದ್ದು. ಬೆಳಿಗ್ಗೆ ಹೊತ್ತು ಅದು ಕಾಲು ಚಾಚಿ ಮಲಗಿದ್ದಾಗ ಆ ಉಗುರು ಬಿಸಿಲಿಗೆ ಅಕ್ಕಿಕಾಳಿನ ಥರ ಹೊಳೀತಿತ್ತು, ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನೊಂದು ವಿಷಯ, ಹಾಲೆಂಡ್ ಲಾಪ್, ನೆದರ್ಲೆಂಡ್ ಡ್ವಾರ್ಫ್ ಥರದ ಕುಳ್ಳ ತಳಿಗಳಲ್ಲಿ ಮೈ ಚಿಕ್ಕದು ಮಾಡೋ ಒಂದು ಜೀನ್ ಇರತ್ತೆ. ತಾಯಿ ತಂದೆ ಇಬ್ಬರಿಂದಲೂ ಅದು ಬಂದ್ರೆ ಆ ಮರಿ ಉಳಿಯಲ್ಲ, ಹುಟ್ಟಿದ ಕೆಲವೇ ದಿನದಲ್ಲಿ ಹೋಗಿಬಿಡತ್ತೆ, ಬ್ರೀಡರ್‌ಗಳು ಅಂಥ ಮರೀನ ಪೀನಟ್ ಅಂತಾರೆ. ಒಬ್ಬರಿಂದ ಮಾತ್ರ ಬಂದ್ರೆ ಶೋಗೆ ಬೇಕಾದ ದುಂಡು ಮುಖದ ಕುಳ್ಳ ಮರಿ. ಇಬ್ಬರಿಂದಲೂ ಬರ್ಲಿಲ್ಲ ಅಂದ್ರೆ ಮರಿ ಸ್ವಲ್ಪ ದೊಡ್ಡದಾಗಿ ಬೆಳೆಯತ್ತೆ, ಕಿವಿ ಉದ್ದ, ಮೂತಿ ಉದ್ದ, ಶೋಗೆ ಬರಲ್ಲ. ನಿಮಗೆ ಕೊಡ್ತೀನಿ ಅಂತಿರೋದು ಈ ಮೂರನೇ ಥರದ್ದಾದ್ರೆ ಎರಡನೇ ಯೋಚನೆ ಬೇಡ, ಅದನ್ನೇ ತಗೊಳ್ಳಿ. ಮೂತಿ ಉದ್ದ ಇದ್ರೆ ಹಲ್ಲಿಗೆ, ಕಣ್ಣೀರಿನ ನಾಳಕ್ಕೆ ಜಾಗ ಚೆನ್ನಾಗಿರತ್ತೆ, ತೀರಾ ಚಪ್ಪಟೆ ಮುಖದ ಮೊಲಗಳಿಗೇ ಆ ಎರಡು ತೊಂದರೆ ಜಾಸ್ತಿ. ನನ್ನ ಅಭಿಪ್ರಾಯ ಕೇಳಿದ್ರೆ ಮನೆಗೆ ಸಾಕೋಕೆ ಶೋನಲ್ಲಿ ಗೆದ್ದ ಮುಖಕ್ಕಿಂತ ಈ ಮುಖಾನೇ ವಾಸಿ.

ಆದ್ರೆ ಕಾರಣ ಹಲ್ಲು ಅಂತ ಆದ್ರೆ, ಅಥವಾ ಬ್ರೀಡರ್ ಕಾರಣಾನೇ ಹೇಳದೆ ಮಾತು ತೇಲಿಸಿದ್ರೆ, ಅಲ್ಲಿಂದ ಬಂದುಬಿಡಿ. ಮೊಲದ ಹಲ್ಲು ಸಾಯೋವರೆಗೂ ಬೆಳೀತಾನೇ ಇರತ್ತೆ, ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಮೇಲಿನ ಹಲ್ಲು ಕೆಳಗಿನ ಹಲ್ಲಿನ ಸ್ವಲ್ಪ ಮುಂದೆ ಕೂತು ಒಂದಕ್ಕೊಂದು ಉಜ್ಜಿ ಸವೀಬೇಕು. ಹಾಗೆ ಕೂರ್ಲಿಲ್ಲ ಅಂದ್ರೆ ಬಾಯಿಂದ ಹೊರಗೆ ಬಾಗಿ ಬೆಳ್ಕೊಂಡು ಹೋಗತ್ತೆ. ನನ್ನ ಮೊದಲನೇ ಮೊಲಕ್ಕೆ ಹೀಗೇ ಆಗಿತ್ತು. ತರುವಾಗ ಬಣ್ಣ ನೋಡಿ ಮರುಳಾಗಿ ಬಾಯಿ ನೋಡ್ಲೇ ಇಲ್ಲ, ಕೊಟ್ಟವರೂ ಹೇಳ್ಲಿಲ್ಲ. ಮೂರು ತಿಂಗಳ ಹೊತ್ತಿಗೆ ಹುಲ್ಲಿನ ಎಳೇನ ಬಾಯಿಗೆ ತಗೊಂಡು, ಕಚ್ಚೋಕಾಗದೆ, ಬೀಳಿಸಿ, ಮತ್ತೆ ತಗೊಂಡು, ಮತ್ತೆ ಬೀಳಿಸಿ ಕೂತಿರ್ತಿತ್ತು. ಕೆಲವು ವಾರಕ್ಕೊಮ್ಮೆ ವೆಟ್ ಹತ್ರ ಹಲ್ಲು ಸವೆಸ್ಕೊಂಡು ಬರ್ಬೇಕು, ಪ್ರತಿ ಸಲಾನೂ ಅದು ನಡುಗ್ತಿತ್ತು. ಹಾಗಾಗಿ ಬ್ರೀಡರ್‌ಗೇ ಹೇಳಿ, ತುಟಿ ಮೆಲ್ಲಗೆ ಎರಡು ಕಡೆ ಸರಿಸಿ ಹಲ್ಲು ತೋರಿಸಿ ಅಂತ. ತಾಯಿ ಹಲ್ಲನ್ನೂ ನೋಡಿ, ಸಾಧ್ಯ ಆದ್ರೆ ತಂದೇದೂ, ಯಾಕಂದ್ರೆ ಇದು ವಂಶದಲ್ಲಿ ಬರೋದು ಜಾಸ್ತಿ, ಮತ್ತೆ ಎಂಟು ವಾರದ ಮರೀಲಿ ಎಲ್ಲಾ ಸಲ ಗೊತ್ತಾಗಲ್ಲ.

ಹಲ್ಲು ನೋಡಾದ್ಮೇಲೆ ಮುಂಗಾಲು ತಿರುಗಿಸಿ ಒಳಮೈ ನೋಡಿ. ಇದನ್ನ ತುಂಬಾ ಜನ ಬಿಟ್ಟುಬಿಡ್ತಾರೆ. ಮೊಲ ಮೂಗು ಒರೆಸ್ಕೊಳ್ಳೋದು ಮುಂಗಾಲಲ್ಲಿ, ಶೀತದ ಸೋಂಕು ಇದ್ರೆ ಮೂಗು ಒರೆಸಿ ಸ್ವಚ್ಛ ಮಾಡಿ ತಂದು ತೋರಿಸಬಹುದು, ಕಾಲಿನ ಒಳಗಡೆ ತುಪ್ಪಳ ಮಾತ್ರ ಗಂಟು ಗಂಟಾಗಿ ಅಂಟ್ಕೊಂಡಿರತ್ತೆ. ಗೂಡಲ್ಲಿ ಬೇರೆ ಮೊಲಗಳು ಸೀನ್ತಿದ್ರೆ, ಮೂಗಲ್ಲಿ ಬೆಳ್ಳಗೆ ಗಟ್ಟಿ ಸಿಂಬಳ ಇದ್ರೆ ಆ ಜಾಗದಿಂದ ಯಾವ ಮರೀನೂ ಬೇಡ. ಕಿವಿ ಒಳಗೆ ಕಂದು ಹೊಪ್ಪಳೆ ಇರಬಾರ್ದು, ಲಾಪ್ ಮೊಲದಲ್ಲಿ ಕಿವಿ ಜೋತು ಬಿದ್ದಿರೋದ್ರಿಂದ ಎತ್ತಿ ನೋಡದೆ ಗೊತ್ತಾಗಲ್ಲ. ಬಾಲದ ಕೆಳಗೆ ಒಣಗಿ ಸ್ವಚ್ಛವಾಗಿರ್ಬೇಕು, ಗೂಡಲ್ಲಿ ಬಿದ್ದಿರೋ ಹಿಕ್ಕೆ ದುಂಡಗೆ, ಗಟ್ಟಿಯಾಗಿ, ಹೆಚ್ಚುಕಮ್ಮಿ ಒಂದೇ ಸೈಜಲ್ಲಿ ಇರ್ಬೇಕು. ಹಿಂಗಾಲಿನ ಅಡಿಯಲ್ಲಿ ಕೂದಲು ಉದುರಿ ಕೆಂಪಾಗಿದ್ರೆ ಬರೀ ತಂತಿ ಮೇಲೇ ಬೆಳೆಸಿದಾರೋ ಏನೋ ಅಂತ ಕೇಳಿ.

ಆಮೇಲೆ, ಪೆಟ್ ಕ್ವಾಲಿಟಿ ಅಂದಿರೋ ಮರಿ ಹೆಚ್ಚುಕಮ್ಮಿ ಪೂರ್ತಿ ಬಿಳಿ ಇದ್ದು, ಕಣ್ಣಿನ ಸುತ್ತ, ಮೂಗಿನ ಮೇಲೆ, ಕಿವೀಲಿ ಮಾತ್ರ ಬಣ್ಣ ಇದ್ರೆ ಒಂದು ನಿಮಿಷ ನಿಲ್ಲಿ. ಮಚ್ಚೆ ಬಣ್ಣದ ಎರಡು ಮೊಲ ಕೂಡಿಸಿದಾಗ ಹೀಗೆ ಬಣ್ಣ ತೀರಾ ಕಡಿಮೆ ಇರೋ ಮರಿ ಹುಟ್ಟೋದುಂಟು, ಬ್ರೀಡರ್‌ಗಳ ಮಾತಲ್ಲಿ ಚಾರ್ಲಿ. ಇಂಥವುಗಳಲ್ಲಿ ಕೆಲವಕ್ಕೆ ದೊಡ್ಡ ಕರುಳು ಸರಿಯಾಗಿ ಕೆಲಸ ಮಾಡಲ್ಲ, ವಯಸ್ಸಾದ ಹಾಗೆ ಹೊಟ್ಟೆ ತೊಂದರೆ ಮರುಕಳಿಸ್ತಾ ಇರತ್ತೆ. ಎಲ್ಲದಕ್ಕೂ ಹಾಗಾಗಲ್ಲ, ನೋಡ್ಕೊಳ್ಳೋ ಮನಸ್ಸಿದ್ರೆ ತಗೊಳ್ಳಬಹುದು, ಆದ್ರೆ ತಾಯಿ ತಂದೆ ಎರಡೂ ಮಚ್ಚೇದಾ ಅಂತ ಕೇಳಿ ತಿಳ್ಕೊಂಡು ತಗೊಳ್ಳಿ.

ಪೆಡಿಗ್ರಿ ಪೇಪರ್‌ನಲ್ಲಿ ಮೂರು ತಲೆಮಾರಿನ ಹೆಸರು, ಬಣ್ಣ, ಕಿವಿ ನಂಬರ್, ತೂಕ ಇರತ್ತೆ. ನೀವು ಮರಿ ಮಾಡಿಸಲ್ಲ, ಶೋಗೆ ಕಳಿಸಲ್ಲ ಅಂದ್ಮೇಲೆ ಅದಕ್ಕೆ ದುಡ್ಡು ಕೊಡೋ ಅಗತ್ಯ ಇಲ್ಲ. ಹುಟ್ಟಿದ ತಾರೀಖು, ತಾಯಿ ತಂದೆ ತೂಕ ಒಂದು ಚೀಟೀಲಿ ಬರ್ಕೊಡಿ ಅಂದ್ರೆ ಸಾಕು. ಎಡಗಿವೀಲಿ ಹಚ್ಚೆ ನಂಬರ್ ಇದ್ರೆ ಭಯ ಬೀಳ್ಬೇಡಿ, ಅದು ಗುರುತಿಗೆ. ಬ್ರಿಟಿಷ್ ರ್‍ಯಾಬಿಟ್ ಕೌನ್ಸಿಲ್ ಪದ್ಧತೀಲಿ ಹಿಂಗಾಲಿಗೆ ಬಳೆ ಹಾಕ್ತಾರೆ, ಬಳೆ ಇರೋ ಮೊಲ ತಂದ್ರೆ ಅದರೊಳಗೆ ಕೂದಲು ಸಿಕ್ಕಿ ಬಿಗಿಯಾಗ್ತಿದೆಯಾ ಅಂತ ನೋಡ್ತಾ ಇರಿ, ಬೇಡ ಅನ್ಸಿದ್ರೆ ವೆಟ್ ಹತ್ರ ತೆಗೆಸಿ, ಮನೇಲಿ ಕತ್ತರಿಸೋಕೆ ಹೋಗ್ಬೇಡಿ.

ಕೊನೇದಾಗಿ, ಮಗಳನ್ನ ಕರ್ಕೊಂಡು ಹೋಗಿ ನೆಲದ ಮೇಲೆ ಸುಮ್ನೆ ಕೂರಿಸಿ, ಇಪ್ಪತ್ತು ನಿಮಿಷ. ಎತ್ಕೊಳ್ಳೋದು ಬೇಡ. ಶೋ ಮೊಲಗಳನ್ನ ಮೇಜಿನ ಮೇಲೆ ಕೂರಿಸಿ ಭಂಗಿ ಕಲಿಸಿರ್ತಾರೆ, ಜನರ ಕೈ ಮರಿಯಿಂದಾನೇ ಅಭ್ಯಾಸ ಇರತ್ತೆ, ಶೋ ಬ್ರೀಡರ್ ಹತ್ರ ತಗೊಳ್ಳೋದ್ರ ದೊಡ್ಡ ಲಾಭಾನೇ ಅದು. ಮೂಗು ಆಡಿಸ್ಕೊಂಡು ತಾನಾಗೇ ಬಂದು ಮಗಳ ಕಾಲು ಮೂಸಿ ನೋಡೋ ಮರಿ ಒಳ್ಳೇದು. ಮೂಗು ಕೂಡ ಆಡಿಸದೆ, ಕಣ್ಣು ಅಗಲ ಮಾಡಿ ನೆಲಕ್ಕೆ ಅಂಟಿ ಕೂತಿರೋ ಮರೀನ ನೋಡಿ ಎಷ್ಟು ಸೈಲೆಂಟು ಪಾಪ ಅಂತ ಅನ್ಕೋಬೇಡಿ, ಅದು ಹೆದರಿದೆ. ಬೆನ್ನ ಮೇಲೆ ಮಲಗಿಸಿ ನೋಡಿ ಹೇಗೆ ನಿದ್ದೆ ಮಾಡತ್ತೆ ಅಂತ ತೋರಿಸಿದ್ರೂ ನಂಬಬೇಡಿ, ಅದೂ ಹೆದರಿ ಮರಗಟ್ಟೋದೇ.

ಪ್ರಶ್ನೆ: ಮೇಡಂ, ನಾನು ಹೋದಾಗ ಬ್ರೀಡರ್ ಶೆಡ್ ಒಳಗೆ ಬಿಡ್ಲೇ ಇಲ್ಲ. ಅದೇ ದಿನ ಬೇರೆ ಕಡೆ ಮೊಲ ನೋಡ್ಕೊಂಡು ಬಂದಿದೀನಿ ಅಂದಿದ್ದಕ್ಕೆ ಮುಖ ಗಂಟಿಕ್ಕಿ ಇನ್ನೊಂದಿನ ಬನ್ನಿ ಅಂದ್ರು. ಏನೋ ಮುಚ್ಚಿಡ್ತಿದಾರೆ ಅನ್ಸಲ್ವಾ?

ಉತ್ತರ: ಅವರು ಮಾಡಿದ್ದು ಸರಿ. ಮೊಲಗಳಿಗೆ ರಕ್ತಸ್ರಾವದ ವೈರಸ್ ಕಾಯಿಲೆ ಒಂದಿದೆ, ಆರ್‌ಎಚ್‌ಡಿ ಅಂತಾರೆ, 1984ರಲ್ಲಿ ಚೀನಾದಲ್ಲಿ ಮೊದಲು ಗೊತ್ತಾಯ್ತು, 2010ರಲ್ಲಿ ಫ್ರಾನ್ಸ್‌ನಲ್ಲಿ ಅದರ ಎರಡನೇ ರೂಪ ಕಾಣಿಸ್ಕೊಂಡು ಎಷ್ಟೋ ದೇಶಕ್ಕೆ ಹರಡ್ತು. ಚಪ್ಪಲಿ, ಬಟ್ಟೆ, ಕೈ, ಹುಲ್ಲಿನ ಕಂತೆ ಯಾವುದರಲ್ಲಿ ಬೇಕಾದ್ರೂ ಬರತ್ತೆ, ಬಂದ್ರೆ ಕೆಲವು ಸಲ ಒಂದು ಲಕ್ಷಣಾನೂ ತೋರಿಸದೆ ಮೊಲ ಸತ್ತು ಬಿದ್ದಿರತ್ತೆ. ಎಷ್ಟೋ ವರ್ಷ ಕೂತು ಕಟ್ಟಿದ ವಂಶ ಒಂದು ವಾರದಲ್ಲಿ ಖಾಲಿ ಆಗೋ ಮಾತು ಇದು, ಅವರ ಭಯ ಅರ್ಥ ಮಾಡ್ಕೊಳ್ಳಿ. ಇನ್ಮೇಲೆ ಒಂದು ದಿನಕ್ಕೆ ಒಂದೇ ಬ್ರೀಡರ್ ಹತ್ರ ಹೋಗಿ, ಒಗೆದ ಬಟ್ಟೆ ಹಾಕ್ಕೊಂಡು ಹೋಗಿ, ಮರಿ ಮುಟ್ಟೋ ಮೊದ್ಲು ಕೈ ತೊಳೀತೀನಿ ಅಂತ ನೀವಾಗೇ ಹೇಳಿ, ಅವರ ಮುಖ ತಾನಾಗೇ ಸಡಿಲ ಆಗತ್ತೆ. ಲಸಿಕೆ ಹಾಕ್ಸಿದಾರಾ ಅಂತಾನೂ ಕೇಳಿ.

ಆದ್ರೆ ಶೆಡ್ ತೋರಿಸದೆ ಇರೋದು ಬೇರೆ, ತಾಯೀನ ತೋರಿಸದೆ ಇರೋದು ಬೇರೆ. ತಾಯೀನ ಹೊರಗೆ ತರೋಕೆ ಏನೂ ಕಷ್ಟ ಇಲ್ಲ. ಒಳಗಿನದು ಬೇಕಂದ್ರೆ ಫೋನಲ್ಲಿ ವಿಡಿಯೋ ಮಾಡಿ ತೋರಿಸಬಹುದು. ತಾಯಿ ಬೇರೆ ಕಡೆ ಇದೆ, ಅದು ಈಗ ಕಚ್ಚತ್ತೆ, ಮುಂದಿನ ಸಲ ನೋಡಿ ಅಂತ ಪ್ರತಿ ಸಲ ಒಂದೊಂದು ಹೇಳ್ತಿದ್ರೆ ಬಿಟ್ಟುಬಿಡಿ. ಮತ್ತೆ ಬಾಗಿಲ ಹತ್ರ ನಿಂತ್ರೇನೇ ಮೂತ್ರದ ಘಾಟು ಕಣ್ಣಿಗೆ ಉರಿ ಬರೋ ಹಾಗೆ ಹೊಡೀತಿದ್ರೆ, ಅದೇ ಗಾಳಿ ದಿನವಿಡೀ ಆ ಮೊಲಗಳ ಶ್ವಾಸಕೋಶಕ್ಕೆ ಹೋಗ್ತಿದೆ.

ಪ್ರಶ್ನೆ: ಐದು ವಾರದ ಮರಿ ಕೊಡ್ತೀನಿ ಅಂತಿದಾರೆ, ಅಂಗೈಲಿ ಕೂರೋ ಅಷ್ಟು ಚಿಕ್ಕದು, ನೋಡಿದ್ರೆ ಬಿಡೋಕೇ ಮನಸ್ಸಾಗಲ್ಲ. ಚಿಕ್ಕವಯಸ್ಸಲ್ಲೇ ತಂದ್ರೆ ನಮಗೆ ಚೆನ್ನಾಗಿ ಹೊಂದ್ಕೊಳ್ಳತ್ತೆ ಅಂತಾನೂ ಅಂದ್ರು. ತರಬಹುದಾ?

ಉತ್ತರ: ಬೇಡ ರೀ, ದಯವಿಟ್ಟು ಬೇಡ. ಮೊಲದ ಮರಿ ಕಣ್ಣು ಬಿಡೋದೇ ಹತ್ತು ದಿನಕ್ಕೆ, ಮೂರು ವಾರದ ಹೊತ್ತಿಗೆ ಹುಲ್ಲು ಕಚ್ಚೋಕೆ ಶುರು ಮಾಡತ್ತೆ, ಐದು ವಾರಕ್ಕೆ ಅದರ ಹೊಟ್ಟೆ ಹಾಲಿಂದ ಹುಲ್ಲಿಗೆ ಬದಲಾಗ್ತಾ ಇರತ್ತೆ. ಅದೇ ಸಮಯಕ್ಕೆ ತಾಯಿ ಇಲ್ಲ, ಜಾಗ ಹೊಸದು, ತಿಂಡಿ ಹೊಸದು ಅಂದ್ರೆ ಭೇದಿ ಹಿಡಿದು ಒಂದೆರಡು ದಿನದಲ್ಲಿ ಕೈಬಿಟ್ಟು ಹೋಗೋ ಅಪಾಯ ಜಾಸ್ತಿ. ಎಂಟು ವಾರ ತುಂಬ್ಲಿ. ನೆಟ್ಟಗಿರೋ ಶೋ ಬ್ರೀಡರ್ ಯಾರೂ ಅದಕ್ಕಿಂತ ಮೊದ್ಲು ಕೊಡಲ್ಲ, ಎಷ್ಟೋ ಜನ ಹತ್ತು ಹನ್ನೆರಡು ವಾರ ಇಟ್ಕೊಂಡು ಶೋಗೆ ಯಾವುದು ಬರತ್ತೆ ಅಂತ ನೋಡಿ ಆಮೇಲೆ ಕೊಡ್ತಾರೆ. ಆ ಕಾಯೋ ಸಮಯ ನಿಮಗೂ ಒಳ್ಳೇದೇ. ಅಂಗೈಲಿ ಕೂರೋದು ಇನ್ನು ಕೆಲವು ವಾರ ಅಷ್ಟೇ ಅನ್ನೋದೂ ತಲೇಲಿರ್ಲಿ, ಬೆಳೆದ ತಾಯೀನ ಎತ್ತಿ ನೋಡಿ, ನಿಮ್ಮ ಮನೇಲಿ ಎಂಟರಿಂದ ಹನ್ನೆರಡು ವರ್ಷ ಇರೋದು ಆ ಸೈಜಿನ ಮೊಲ.

ಚಿಕ್ಕದಿದ್ದಾಗ ತಂದ್ರೇನೇ ಹೊಂದ್ಕೊಳ್ಳೋದು ಅನ್ನೋದನ್ನ ನಾನು ಒಪ್ಪಲ್ಲ. ಶೋ, ಬಾಣಂತನ ಎಲ್ಲಾ ಮುಗಿಸಿ ಎರಡು ಮೂರು ವರ್ಷಕ್ಕೆ ನಿವೃತ್ತಿ ಆದ ಹೆಣ್ಣು ಮೊಲ ಇದೆಯಾ ಅಂತ ಬ್ರೀಡರ್ ಹತ್ರ ಒಮ್ಮೆ ಕೇಳಿ ನೋಡಿ. ಅದರ ಸೈಜು, ಸ್ವಭಾವ, ಹಲ್ಲು, ಆರೋಗ್ಯ ಎಲ್ಲಾ ಆಗ್ಲೇ ತೆರೆದ ಪುಸ್ತಕ. ಸಾವಿರ ಕೈ ನೋಡಿರತ್ತೆ. ಜನ ಯಾಕೋ ಇವನ್ನ ಕೇಳೋದೇ ಇಲ್ಲ.

ಪ್ರಶ್ನೆ: ಗಂಡು ತಗೊಳ್ಳಿ ಅಂತ ಒಬ್ರು, ಹೆಣ್ಣು ತಗೊಳ್ಳಿ ಅಂತ ಒಬ್ರು. ಬ್ರೀಡರ್ ಹೆಣ್ಣು ಅಂತ ಕೊಟ್ಟಿದ್ದು ನಮ್ಮಕ್ಕನ ಮನೇಲಿ ಆಮೇಲೆ ಗಂಡು ಅಂತ ಗೊತ್ತಾಯ್ತು. ಏನು ಮಾಡೋದು?

ಉತ್ತರ: ಎಂಟು ವಾರದಲ್ಲಿ ಗಂಡು ಹೆಣ್ಣು ಹೇಳೋದು ಅನುಭವ ಇರೋರಿಗೂ ಕೆಲವೊಮ್ಮೆ ತಪ್ಪತ್ತೆ. ಮೆಲ್ಲಗೆ ಒತ್ತಿ ನೋಡಿದಾಗ ಹೆಣ್ಣಿಗೆ ಉದ್ದ ಸೀಳು ಕಾಣತ್ತೆ, ಗಂಡಿಗೆ ದುಂಡಗೆ ಕೊಳವೆ ಥರ ಮೇಲೇಳತ್ತೆ, ವೃಷಣ ಇಳಿಯೋದು ಹತ್ತರಿಂದ ಹನ್ನೆರಡು ವಾರಕ್ಕೆ. ಹಾಗಾಗಿ ಹನ್ನೆರಡು ವಾರಕ್ಕೆ ವೆಟ್ ಹತ್ರ ಇನ್ನೊಮ್ಮೆ ನೋಡಿಸಿ. ಎರಡು ಮರಿ ಒಟ್ಟಿಗೆ ತಂದಿದ್ರೆ ಇದನ್ನ ಮುಂದಕ್ಕೆ ಹಾಕ್ಲೇಬೇಡಿ, ಮೂರೂವರೆ ನಾಲ್ಕು ತಿಂಗಳಿಗೇ ಅವು ಮರಿ ಮಾಡೋ ವಯಸ್ಸಿಗೆ ಬರತ್ವೆ, ಗರ್ಭ ಬರೀ 31 ದಿನದ್ದು.

ಯಾವುದು ತಗೊಂಡ್ರೂ ಮರಿ ಆಗದ ಹಾಗೆ ಆಪರೇಷನ್ ಮಾಡ್ಸಿ, ಮೊಲದ ಅನುಭವ ಇರೋ ವೆಟ್ ಹತ್ರ ಮಾತ್ರ. ಗಂಡು ಮಾಡ್ಸದೆ ಇದ್ರೆ ಗುರುತು ಹಾಕೋಕೆ ಅಂತ ಗೋಡೆ ಮೇಲೆಲ್ಲಾ ಮೂತ್ರ ಚಿಮ್ಮಿಸತ್ತೆ, ಹೆಣ್ಣು ಸಿಡುಕತ್ತೆ, ಗೂಡಿಗೆ ಕೈ ಹಾಕಿದ್ರೆ ಮೇಲೆ ಬೀಳತ್ತೆ. ಅದಕ್ಕಿಂತ ಮುಖ್ಯ, ಆಪರೇಷನ್ ಆಗದ ಹೆಣ್ಣು ಮೊಲಗಳಿಗೆ ವಯಸ್ಸಾದ ಹಾಗೆ ಗರ್ಭಕೋಶದ ಕ್ಯಾನ್ಸರ್ ಬರೋದು ತುಂಬಾ ಸಾಮಾನ್ಯ. ಇದನ್ನ ಯಾರೂ ಮೊದಲೇ ಹೇಳಲ್ಲ ಅನ್ನೋದು ನನಗೆ ದೊಡ್ಡ ಸಂಕಟ.

ಪ್ರಶ್ನೆ: ಅಂಗೋರಾನಾ ರೆಕ್ಸಾ? ಮುಟ್ಟಿದ್ರೆ ಎರಡೂ ಮೆತ್ತಗಿವೆ.

ಉತ್ತರ: ದಿನಾ ಕೂತು ಬಾಚೋಕೆ ಆಗಲ್ಲ ಅಂದ್ರೆ ಉದ್ದ ಕೂದಲಿನ ಅಂಗೋರಾ ತಳಿ ಬೇಡ, ನೆಕ್ಕಿ ನುಂಗಿದ ಕೂದಲು ಹೊಟ್ಟೇಲಿ ಕಟ್ಕೊಳ್ಳತ್ತೆ, ಮೊಲಕ್ಕೆ ವಾಂತಿ ಮಾಡೋಕೆ ಬರಲ್ಲ. ರೆಕ್ಸ್ ತುಪ್ಪಳ ಗಿಡ್ಡ, ಮಖಮಲ್ ಥರ, ನಿರ್ವಹಣೆ ಸುಲಭ, ಆದ್ರೆ ಪಾದದ ಅಡೀಲೂ ಕೂದಲು ತೆಳು ಇರೋದ್ರಿಂದ ತಂತಿ ನೆಲ, ಒರಟು ನೆಲದ ಮೇಲೆ ಗಾಯ ಆಗತ್ತೆ. ಮೆತ್ತಗೆ ಚಾಪೆ ಹಾಸ್ತೀನಿ ಅಂದ್ರೆ ರೆಕ್ಸ್ ತಗೊಳ್ಳಿ.

ಪ್ರಶ್ನೆ: ನಿನ್ನೆ ಸಂಜೆ ಮರಿ ತಂದ್ವಿ ಅಕ್ಕ. ಒಂದು ಮೂಲೇಲಿ ಕೂತಿದೆ, ರಾತ್ರಿ ಸ್ವಲ್ಪ ಹುಲ್ಲು ತಿಂದಿದೆ, ನಾವು ಇಟ್ಟ ಕ್ಯಾರೆಟ್ಟು, ಹೊಸ ಪೆಲೆಟ್ (ಗುಳಿಗೆ ಥರದ ಒಣ ಆಹಾರ) ಮುಟ್ಟಿಲ್ಲ. ಬ್ರೀಡರ್‌ಗೆ ಫೋನ್ ಮಾಡೋಕೆ ಸಂಕೋಚ.

ಉತ್ತರ: ಸಂಕೋಚ ಬೇಡ, ಮಾಡಿ. ಒಳ್ಳೆ ಬ್ರೀಡರ್‌ಗೆ ಆ ಫೋನ್ ಬಂದ್ರೆ ಸಮಾಧಾನಾನೇ ಆಗತ್ತೆ. ಅಲ್ಲಿ ಏನು ಪೆಲೆಟ್ ಹಾಕ್ತಿದ್ರು ಅಂತ ಕೇಳಿ, ಅದನ್ನೇ ಸ್ವಲ್ಪ ಕೊಡಿ ಅಂತ ಕೇಳಿ ತನ್ನಿ. ಹತ್ತು ದಿನ, ಎರಡು ವಾರದ ಅವಧೀಲಿ ಹಳೇದು ಕಡಿಮೆ ಮಾಡ್ತಾ ಹೊಸದು ಸೇರಿಸ್ತಾ ಹೋಗಿ. ಕ್ಯಾರೆಟ್ ತೆಗೆದುಬಿಡಿ, ಅದು ಸಿಹಿ, ದೊಡ್ಡ ಮೊಲಕ್ಕೂ ಯಾವಾಗಾದ್ರೂ ಒಂದು ಚೂರು ಸಾಕು. ಒಣಹುಲ್ಲು ಮಾತ್ರ ಯಾವಾಗ್ಲೂ ಮುಂದೆ ರಾಶಿ ಇರ್ಲಿ, ಮೊಲದ ಊಟದಲ್ಲಿ ಹೆಚ್ಚಿನ ಪಾಲು ಅದೇ ಆಗ್ಬೇಕು.

ಮೂಲೇಲಿ ಕೂತಿರೋದಕ್ಕೆ ಗಾಬರಿ ಬೇಡ. ಒಂದು ಕಡೆ ತೂತು ಕೊರೆದ ರಟ್ಟಿನ ಡಬ್ಬ ಮಗುಚಿ ಇಡಿ, ಒಳಗೆ ಹೋಗಿ ಕೂರ್ಲಿ, ಎರಡು ಮೂರು ದಿನ ಯಾರೂ ಎತ್ಕೊಳ್ಳೋದು ಬೇಡ. ಎತ್ತಲೇಬೇಕು ಅಂದ್ರೆ ಒಂದು ಕೈ ಎದೆ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಪೂರ್ತಿ ಆಧಾರ ಕೊಡ್ಬೇಕು, ಗಾಳೀಲಿ ಹಿಂಗಾಲು ಒದ್ದಾಡಿಸಿದ್ರೆ ತನ್ನ ಬೆನ್ನುಮೂಳೇನೇ ಮುರ್ಕೊಳ್ಳೋ ಅಷ್ಟು ಬಲ ಆ ಕಾಲಲ್ಲಿದೆ. ಕಿವಿ ಹಿಡಿದು ಅಂತೂ ಎತ್ತಲೇಬಾರ್ದು.

ಈಗ ನೀವು ನೋಡ್ತಾ ಇರಬೇಕಾಗಿದ್ದು ಹಿಕ್ಕೆ. ಇವತ್ತು ಬೆಳಿಗ್ಗೆ ಬಿದ್ದಿದೆಯಾ, ದುಂಡಗಿದೆಯಾ, ನಿನ್ನೆಗಿಂತ ಚಿಕ್ಕದಾಗಿದೆಯಾ? ಹತ್ತು ಹನ್ನೆರಡು ಗಂಟೆ ಏನೂ ತಿನ್ಲಿಲ್ಲ, ಹಿಕ್ಕೆ ನಿಂತುಹೋಯ್ತು, ಹಲ್ಲು ಕಡೀತಾ ಮುದುಡಿ ಕೂತಿದೆ, ಅಥವಾ ನೀರು ನೀರಾಗಿ ಭೇದಿ ಆಗ್ತಿದೆ, ಇದರಲ್ಲಿ ಒಂದು ಕಂಡ್ರೂ ನಾಳೆ ನೋಡೋಣ ಅನ್ಬೇಡಿ, ಆಗಿಂದಾಗ್ಲೇ ವೆಟ್ ಹತ್ರ ಓಡಿ. ಮೊಲಗಳನ್ನ ನೋಡೋ ವೆಟ್ ಯಾರು, ರಾತ್ರಿ ಫೋನ್ ಎತ್ತೋರು ಯಾರು ಅಂತ ಇವತ್ತೇ ವಿಚಾರಿಸಿ ನಂಬರ್ ಇಟ್ಕೊಳ್ಳಿ, ಬ್ರೀಡರ್‌ಗೆ ಫೋನ್ ಮಾಡಿದಾಗ ಮೊದಲು ಇದನ್ನೇ ಕೇಳಿ.